ಅಂಕವಿಲ್ಲದ ಪಾಠವೂ ಕಾಯಕವೇ

“ಇದಕ್ಕೆ ಅಂಕ ಉಂಟೇ?” ಗೃಹಪಾಠ ಕೊಟ್ಟೊಡನೆ ಆರು, ಏಳು, ಎಂಟನೆಯ ತರಗತಿಯ ಮಕ್ಕಳು ಕೇಳುವ ಮೊದಲ ಪ್ರಶ್ನೆ ಇದು. ಇಲ್ಲವೆಂದರೆ ಕೆಲವರು ಬರೆಯುವುದೇ ಇಲ್ಲ. ಕೆಲವರು ನೆರೆಯವರದನ್ನು ನೋಡಿ ಬರೆದು ತರುವರು. ಮಕ್ಕಳನ್ನು ಸೋಮಾರಿಗಳೆಂದು ಜರೆಯುವುದು ಸುಲಭ. ಆದರೆ ಫಲ ಕಂಡಲ್ಲದೆ ಕೈಯಿಡಬಾರದೆಂಬ ಬುದ್ಧಿಯನ್ನು ಅವರು ಕಲಿತುದು ಹಿರಿಯರಿಂದಲೇ.

ನುಲಿಯ ಚಂದಯ್ಯನವರು ಹುಲ್ಲು ಕೊಯ್ದು, ಹಗ್ಗ ಹೊಸೆದು ಮಾರಿ, ಬಂದುದನ್ನು ದಾಸೋಹಕ್ಕೆ ಸಲ್ಲಿಸಿದ ಶರಣರು. ನೋಡುವವರಿಲ್ಲವೆಂದು ಹುರಿಯನ್ನು ಸಡಿಲಬಿಟ್ಟರೆ ಬಾವಿಯ ಕೊಡ ನಡುವೆಯೇ ಬೀಳುವುದು. ಗೃಹಪಾಠವೂ ಅಂತೆಯೇ. ಭಿನ್ನರಾಶಿಯನ್ನು ತಾನೇ ಬಿಡಿಸಿ ಕಲಿಯದ ಬಾಲಕನು ಮುಂದೆ ಬೀಜಗಣಿತದಲ್ಲಿ ತಡವರಿಸುವನು. ಆಗ ಕಳೆದುಹೋದುದು ಅಂಕವಲ್ಲ, ಕಲಿಕೆ.

ಹಾಗಾದರೆ ಬಹುಮಾನದ ಆಸೆ ತೋರಬಹುದೇ? ಅಮೆರಿಕದಲ್ಲಿ 1973ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬಹುಮಾನದ ಮಾತು ಪಡೆದು ಚಿತ್ರ ಬರೆದ ಎಳೆಯ ಮಕ್ಕಳು ತರುವಾಯ ತಾವಾಗಿ ಚಿತ್ರ ಬರೆಯಲು ಮೊದಲಿನಷ್ಟು ಮನಸ್ಸು ಮಾಡಲಿಲ್ಲ. ಬೆತ್ತದ ದಾರಿಯಂತೂ ಸಲ್ಲದು. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ.

ಮೊದಲು ಬೇಕಾದುದು ಮಿತಿ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಮರಳಿ ಸುರಿದುಬರುವಂತೆ ಲಕ್ಕಮ್ಮನವರು ತಿದ್ದಿದರು. ಪಾಠ ಕೊಡುವವರಿಗೂ ಈ ಎಚ್ಚರ ಬೇಕು. 2020ರ ರಾಷ್ಟ್ರೀಯ ಶಾಲಾ ಚೀಲ ನೀತಿಯು ಈ ತರಗತಿಗಳಿಗೆ ದಿನಕ್ಕೆ ಒಂದು ಗಂಟೆಯನ್ನು ಮೀರದಷ್ಟು ಗೃಹಪಾಠವನ್ನು ಹೇಳಿದೆ. ಸಂಜೆ ದನ ಕಟ್ಟಿ, ನೀರು ತಂದು, ತಮ್ಮ ತಂಗಿಯರನ್ನು ನೋಡಿಕೊಳ್ಳುವ ಮಗುವಿಗೆ ಆ ಒಂದು ಗಂಟೆಯೂ ದೊಡ್ಡದು.

ಎರಡನೆಯದು, ಪಾಠವು ಬದುಕಿಗೆ ಹತ್ತಿರವಿರಬೇಕು. ಹಿರಿಯೂರಿನ ಮಗು, 1907ರಲ್ಲಿ ಮುಗಿದ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಹರಿದು ಮತ್ತೆ ಹರಿಯಲು 2022ರವರೆಗೆ ಎಷ್ಟು ವರ್ಷ ಕಾಯಿತೆಂದು ಲೆಕ್ಕಮಾಡಿ, ಆ ನೀರನ್ನು ಕಂಡವರ ಮಾತನ್ನು ಬರೆದು ತರಲಿ. ಹೊಳಲ್ಕೆರೆಯ ಮಗು ಅಡಿಕೆ ತೋಟದ ಸಾಲುಗಳಿಂದ ಗುಣಾಕಾರ ಮಾಡಲಿ. ಹೊಸದುರ್ಗದ ಮಗು ತೆಂಗಿನ ಮರವೊಂದಕ್ಕೆ ಸರಾಸರಿ ಎಷ್ಟು ಕಾಯಿ ಎಂಬುದನ್ನು ತೆಗೆಯಲಿ. ಚಂದ್ರವಳ್ಳಿಯ ಮಯೂರಶರ್ಮನ ಶಾಸನವು ಕೆರೆಯ ಸಂಗತಿಯನ್ನು ಹೇಳುತ್ತದೆ; ಚಿತ್ರದುರ್ಗದ ಮಗು ತನ್ನೂರ ಕೆರೆಯ ಕಥೆಯನ್ನು ಹಿರಿಯರಿಂದ ಕೇಳಿ ಬರೆಯಲಿ.

ಮೂರನೆಯದೇ ಮುಖ್ಯವಾದುದು. ಬರೆದುದನ್ನು ಗುರುವು ಓದಬೇಕು. ಕೆಂಪು ಗೆರೆಯೊಂದನ್ನು ಎಳೆದು ಮುಂದೆ ಸರಿಸಿದ ಪುಸ್ತಕವು ಮಗುವಿಗೆ ಹೇಳುವ ಪಾಠವೇ ಬೇರೆ. “ಈ ಹೆಜ್ಜೆ ಸರಿ, ಇಲ್ಲಿ ಎಡವಿದೆ” ಎಂದು ಒಂದು ಸಾಲು ಬರೆದರೂ ಅದು ಅಂಕಕ್ಕಿಂತ ಹೆಚ್ಚು ಬಾಳುವುದು. ಮೊದಲ ಲೆಕ್ಕವನ್ನು ತರಗತಿಯಲ್ಲಿಯೇ ಆರಂಭಿಸಿ ಕಳುಹಿಸಿದರೆ, ಮನೆಯಲ್ಲಿ ಹೇಳಿಕೊಡುವವರಿಲ್ಲದ ಮಗುವೂ ಕೈಚೆಲ್ಲದು.

ಗೃಹಸ್ಥರ ಪಾಲೂ ಇದೆ. ಓದು ಬಾರದ ತಾಯಿಯೂ ದೂರದರ್ಶನವನ್ನು ಆರಿಸಿ, ಮಗುವಿನ ಬಳಿ ಕುಳಿತು, “ಇಂದು ಏನು ಕಲಿತೆ, ನನಗೂ ಹೇಳು ಮಗು” ಎನ್ನಬಲ್ಲಳು. “ಎಷ್ಟು ಅಂಕ ಬಂತು?” ಎಂಬ ಪ್ರಶ್ನೆಯ ಸ್ಥಾನದಲ್ಲಿ ಈ ಪ್ರಶ್ನೆ ಮನೆಮನೆಯಲ್ಲಿ ನೆಲೆಸಿದಂದು, ಮಕ್ಕಳ ಕೈಯಲ್ಲಿ ಲೇಖನಿಯೂ ಕಾಯಕದ ಸಾಧನವಾಗುವುದು.