ಹಾಸಿಗೆಯಲ್ಲೇ ಕಟ್ಟಿದ ಮಾರುತ

ನಿಮ್ಮ ತರಗತಿಯ ಗೆಳೆಯನೊಬ್ಬ ಹುಣಸೆ ಮರದಿಂದ ಬಿದ್ದು ಕಾಲು ಮುರಿದುಕೊಂಡಿದ್ದಾನೆ ಎಂದುಕೊಳ್ಳಿ. ವೈದ್ಯರು ಪ್ಲಾಸ್ಟರ್ ಹಾಕಿ, "ನಾನು ಹೇಳುವವರೆಗೂ ಈ ಕಾಲನ್ನು ನೆಲಕ್ಕೆ ಊರಬೇಡ" ಎಂದಿದ್ದಾರೆ. ಮೊದಮೊದಲು ನೋವು. ಆಮೇಲೆ ನೋವಿಗಿಂತ ಬೇಸರವೇ ಹೆಚ್ಚು! ಬೇಸರ ತಡೆಯಲಾರದೆ ಕಾಲೂರಿ ಎದ್ದುಬಿಟ್ಟರೆ? ಕೂಡಿಕೊಳ್ಳುತ್ತಿರುವ ಮೂಳೆ ಜರುಗಿ ಸೊಟ್ಟಗಾಗಬಹುದು. ಕೈಗಳು ಚೆನ್ನಾಗಿವೆಯಲ್ಲ, ಅವನಿಗೆ ರಟ್ಟು, ಕತ್ತರಿ, ಅಳತೆಪಟ್ಟಿ ಕೊಟ್ಟು ಬನ್ನಿ. ಒಂದು ವಿಮಾನ ಕಟ್ಟಲಿ.

ಯಾವ ವಿಮಾನ? ಬೆಂಗಳೂರಿನಲ್ಲೇ ತಯಾರಾದ ಎಚ್.ಎಫ್.-24 'ಮಾರುತ'. ಜರ್ಮನಿಯ ಎಂಜಿನಿಯರ್ ಕುರ್ಟ್ ಟ್ಯಾಂಕ್ ಅವರ ತಂಡ ರೂಪಿಸಿದ ಈ ಜೆಟ್ ಯುದ್ಧವಿಮಾನ 1961ರ ಜೂನ್ 17ರಂದು ಮೊದಲ ಬಾರಿ ಹಾರಿತು. ಅದಕ್ಕೂ ಮೊದಲು, 1959ರಲ್ಲಿ, ಅಷ್ಟೇ ದೊಡ್ಡದಾದ ಎಂಜಿನ್ ಇಲ್ಲದ ಮರದ ಗ್ಲೈಡರ್ ಒಂದನ್ನು ಕಟ್ಟಿ, ಡಕೋಟ ವಿಮಾನದಿಂದ ಎಳೆಸಿ ಹಾರಿಸಿ ನೋಡಿದ್ದರು. ದೊಡ್ಡವರೂ ಮೊದಲು ಮಾದರಿಯನ್ನೇ ಮಾಡುತ್ತಾರೆ ನೋಡಿ!

ನಮ್ಮ ಮಾದರಿಯ ಪ್ರಮಾಣ 1:50. ಅಂದರೆ ನಿಜವಿಮಾನದ 1 ಮೀಟರ್ ಇಲ್ಲಿ 2 ಸೆಂ.ಮೀ. ಮಾರುತದ ಉದ್ದ 15.87 ಮೀಟರ್, ಮಾದರಿಯಲ್ಲಿ ಸುಮಾರು 31.7 ಸೆಂ.ಮೀ. ರೆಕ್ಕೆಯ ತುದಿಯಿಂದ ತುದಿಗೆ 9 ಮೀಟರ್, ಮಾದರಿಯಲ್ಲಿ 18 ಸೆಂ.ಮೀ. ಎಲ್ಲವನ್ನೂ ಹೀಗೆ ಕುಗ್ಗಿಸಲು ಆಗುವುದಿಲ್ಲ. 1 ಮಿ.ಮೀ. ರಟ್ಟು ನಿಜವಿಮಾನದ ಅಳತೆಗೆ 5 ಸೆಂ.ಮೀ. ದಪ್ಪದ ತಗಡಾಗುತ್ತದೆ!

ವಿಮಾನದ ಪಕ್ಕನೋಟವನ್ನು ರಟ್ಟಿನಲ್ಲಿ ಕತ್ತರಿಸಿ, ನಡುವೆ ಸೀಳು ಮಾಡಿ, ಹಿಂದಕ್ಕೆ ಬಾಗಿದ ರೆಕ್ಕೆಯನ್ನು ಅದರಲ್ಲಿ ತೂರಿಸಬೇಕು. ಬಾಲದ ಪುಟ್ಟ ರೆಕ್ಕೆಗೂ ಹೀಗೆಯೇ. ಮೈದಾ ಅಂಟು ಸಾಕು. ಆದರೆ ಒಣಗುವ ಮೊದಲೇ ಅಲ್ಲಾಡಿಸಿದರೆ ರೆಕ್ಕೆ ವಾಲುತ್ತದೆ. ಕಾಲಿನೊಳಗೂ ಇಂಥದೇ ಕೆಲಸ ನಡೆದಿದೆ. ಮುರಿದ ಕಡೆ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಬಳಿಕ ಅಲ್ಲಿ ಮೆದುವಾದ ಗಂಟು ಬೆಳೆದು ತುದಿಗಳನ್ನು ಹಿಡಿದುಕೊಳ್ಳುತ್ತದೆ. ವಾರಗಳು ಕಳೆದಂತೆ ಕ್ಯಾಲ್ಸಿಯಂ ಸೇರಿ ಅದು ಗಟ್ಟಿಯಾಗುತ್ತದೆ. ಅಂಟಿನಂತೆ ಇದು ಬರೀ ಒಣಗುವುದಲ್ಲ, ಹೊಸ ಮೂಳೆಯೇ ಬೆಳೆಯುವುದು. ಮಕ್ಕಳಲ್ಲಿ ಇದು ದೊಡ್ಡವರಿಗಿಂತ ಬೇಗ ಆಗುತ್ತದೆ. ಪ್ಲಾಸ್ಟರ್ ಮೂಳೆಯನ್ನು ಕೂಡಿಸುವುದಿಲ್ಲ, ಅಲುಗಾಡದಂತೆ ಹಿಡಿದಿಡುತ್ತದೆ ಅಷ್ಟೆ.

ಗೆಳೆಯನಿಗೆ ಇದನ್ನೂ ಹೇಳಿ: ತುರಿಕೆ ಬಂದರೆ ಪ್ಲಾಸ್ಟರ್ ಒಳಗೆ ಕಡ್ಡಿ ತೂರಿಸಬಾರದು, ಗಾಯವಾಗಿ ಕೀವು ತುಂಬೀತು. ಕಾಲ್ಬೆರಳು ನೀಲಿಯಾದರೆ, ಜೋಮು ಹಿಡಿದರೆ ಅಥವಾ ನೋವು ಏರುತ್ತಲೇ ಹೋದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ವಿಮಾನ ಒಣಗಿತೇ? ಮೂತಿಗೆ ಸ್ವಲ್ಪ ಜೇಡಿಮಣ್ಣು ಮೆತ್ತಿ ಮೆಲ್ಲಗೆ ಎಸೆಯಿರಿ. ಮೂತಿ ಮೇಲೆತ್ತಿ ತಟ್ಟನೆ ಕುಸಿದರೆ ಮಣ್ಣು ಸಾಲದು. ನೇರ ನೆಲಕ್ಕಿಳಿದರೆ ಮಣ್ಣು ಹೆಚ್ಚಾಯಿತು. ಓಡಿ ಹೋಗಿ ತರುವ ಕೆಲಸ ನಿಮ್ಮದು, ಮಣ್ಣಿನ ಲೆಕ್ಕ ಹಾಸಿಗೆಯಲ್ಲಿರುವ ಎಂಜಿನಿಯರನದು.

ಈಗ ಒಂದು ಪ್ರಶ್ನೆ. ನಿಜವಾದ ಮಾರುತದ ರೆಕ್ಕೆಯ ವಿಸ್ತೀರ್ಣ 28 ಚದರ ಮೀಟರ್. ಮಾದರಿಯಲ್ಲಿ ಎಷ್ಟಿರಬೇಕು? ಐವತ್ತರಿಂದ ಒಮ್ಮೆ ಭಾಗಿಸಿದರೆ ಸಾಲದು, ಎರಡು ಬಾರಿ ಭಾಗಿಸಬೇಕು. ಉತ್ತರ 112 ಚದರ ಸೆಂ.ಮೀ. ಗೆಳೆಯನ ರೆಕ್ಕೆಯನ್ನು ಚೌಕುಳಿ ಹಾಳೆಯ ಮೇಲಿಟ್ಟು ಗೆರೆ ಎಳೆದು, ಚೌಕಗಳನ್ನು ಎಣಿಸಿ ನೋಡಿ.