ಅಮ್ಮನಿಗೆ ವಿಂಡೋಸ್, ಮಗನಿಗೆ ಉಬುಂಟು, ಕಂಪ್ಯೂಟರ್ ಒಂದೇ

ಪ್ರಶ್ನೆ: ಮನೆಯಲ್ಲೇ ಡಿಟಿಪಿ ಮಾಡುತ್ತೇನೆ. ಮದುವೆ ಪತ್ರಿಕೆ, ಬ್ಯಾನರ್, ಸೊಸೈಟಿಗಳ ವಾರ್ಷಿಕ ವರದಿ. ಕನ್ನಡಕ್ಕೆ ನುಡಿ, ಮರಾಠಿಗೆ ಶ್ರೀಲಿಪಿ. ಮಗ ಇಂಜಿನಿಯರಿಂಗ್ ಎರಡನೇ ವರ್ಷ. ಲ್ಯಾಬಿನಲ್ಲಿರುವ ಹಾಗೆ ಮನೆಯಲ್ಲೂ ಉಬುಂಟು ಬೇಕಂತೆ. ‘ಎರಡೂ ಒಂದರಾಗ ಇರ್ತಾವ ಅವ್ವಾ, ಚಾಲೂ ಮಾಡುವಾಗ ಬೇಕಾದ್ದು ಆರಿಸಿಕೊಳ್ಳೂದು’ ಅನ್ನುತ್ತಾನೆ. ಖಾನಾಪುರದ ನನ್ನ ತಮ್ಮ, ‘ಡಾಟಾ ಎಲ್ಲಾ ಹೋಗ್ತದ, ಕೈ ಹಚ್ಚಬ್ಯಾಡ’ ಅನ್ನುತ್ತಾನೆ. ದಿನಾ ಇದೇ ಜಗಳ. ಏನು ಮಾಡಲಿ?
— ಹೆಸರು ಬೇಡ, ರಾಮತೀರ್ಥ ನಗರ, ಬೆಳಗಾವಿ

ಉತ್ತರ: ಮಗ ಕೇಳಿದ್ದನ್ನು ಮಾಡಿಕೊಡಿ. ಆದರೆ ನಿಮ್ಮ ಡಿಸ್ಕನ್ನು ಪಾಲು ಮಾಡಲು ಬಿಡಬೇಡಿ.

ಎರಡು ಆಪರೇಟಿಂಗ್ ಸಿಸ್ಟಮ್ ಒಂದೇ ಯಂತ್ರದಲ್ಲಿದ್ದ ಮಾತ್ರಕ್ಕೆ ಡಾಟಾ ಹೋಗುವುದಿಲ್ಲ. ಹೋಗುವುದು ಹೆಚ್ಚಾಗಿ ಇನ್‌ಸ್ಟಾಲ್ ಮಾಡುವ ಆ ಅರ್ಧ ಗಂಟೆಯಲ್ಲಿ. ಉಬುಂಟು ಹಾಕುವಾಗ ಪರದೆ ಒಂದು ಪ್ರಶ್ನೆ ಕೇಳುತ್ತದೆ: ವಿಂಡೋಸ್ ಪಕ್ಕದಲ್ಲಿ ಹಾಕಲೋ, ಇಡೀ ಡಿಸ್ಕ್ ಅಳಿಸಿ ಹಾಕಲೋ? ಎರಡೂ ಆಯ್ಕೆ ಒಂದರ ಕೆಳಗೊಂದು ಇರುತ್ತವೆ. ಅವಸರದಲ್ಲಿ ತಪ್ಪು ಸಾಲಿನ ಮೇಲೆ ಒತ್ತಿದರೆ ನಿಮ್ಮ ವರ್ಷಗಳ ದುಡಿಮೆ ಹೋಯಿತು. ಡಿಸ್ಕ್ ಪಾಲಾಗುತ್ತಿರುವಾಗ ಕರೆಂಟ್ ಹೋದರೂ ಅಪಾಯವೇ. ನಿಮ್ಮ ತಮ್ಮನ ಹೆದರಿಕೆ ಸುಳ್ಳಲ್ಲ.

ಆದ್ದರಿಂದ ಎರಡನೇ ಡಿಸ್ಕ್ ಹಾಕಿಸಿ. ಉಬುಂಟುಗೆ 25 ಜಿಬಿ ಜಾಗವಿದ್ದರೂ ನಡೆಯುತ್ತದೆ, ಹಾಗಾಗಿ ಸಣ್ಣ ಎಸ್‌ಎಸ್‌ಡಿ ಧಾರಾಳವಾಯಿತು. ಇನ್‌ಸ್ಟಾಲ್ ಮಾಡುವ ದಿನ ನಿಮ್ಮ ಡಿಸ್ಕಿನ ಕೇಬಲ್ ಬಿಚ್ಚಿಡಲು ಹೇಳಿ. ಕಳಚಿಟ್ಟ ಡಿಸ್ಕನ್ನು ಯಾರೂ ಅಳಿಸಲಾರರು. ಆಮೇಲೆ ಎರಡನ್ನೂ ಜೋಡಿಸಿದರೆ, ಚಾಲೂ ಮಾಡುವಾಗ ಬೂಟ್ ಮೆನುವಿನಲ್ಲಿ ಬೇಕಾದ್ದನ್ನು ಆರಿಸಬಹುದು. ಮೊದಲ ಸ್ಥಾನ ವಿಂಡೋಸ್‌ಗೇ ಇರಲಿ, ಬೆಳಿಗ್ಗೆ ಗಿರಾಕಿ ಬಂದಾಗ ನೀವು ಹುಡುಕಾಡಬೇಕಾಗಿಲ್ಲ.

‘ಉಬುಂಟು ಒಂದೇ ಸಾಕು’ ಎಂದು ಮಗ ಹೇಳಿದರೆ ಒಪ್ಪಬೇಡಿ. ಪೇಜ್‌ಮೇಕರ್, ಕೋರೆಲ್‌ಡ್ರಾ ಉಬುಂಟುಗೆ ಬರುವುದಿಲ್ಲ. ನೀವು ಹೆದರಬಾರದ ಒಂದು ಸಂಗತಿಯನ್ನೂ ಈಗಲೇ ಹೇಳಿಬಿಡುತ್ತೇನೆ. ನುಡಿಯ ಹಳೆಯ ಅಕ್ಷರಗಳಲ್ಲಿ ಮಾಡಿದ ಲಗ್ನಪತ್ರಿಕೆಯೊಂದನ್ನು ಮಗ ಉಬುಂಟುವಿನಲ್ಲಿ ತೆರೆದರೆ, ‘ಶ್ರೀ ಗಣೇಶ ಪ್ರಸನ್ನ’ ಇರಬೇಕಾದಲ್ಲಿ ಇಂಗ್ಲಿಷ್ ಅಕ್ಷರ, ಚುಕ್ಕೆ, ಗೀಟುಗಳ ರಾಶಿ ಕಾಣುತ್ತದೆ. ಫೈಲ್ ಕೆಟ್ಟಿಲ್ಲ. ಅದು ಯೂನಿಕೋಡ್ ಅಲ್ಲ, ಆ ಫಾಂಟ್ ಅಲ್ಲಿಲ್ಲ, ಅಷ್ಟೇ. ಸೇವ್ ಮಾಡದೆ ಮುಚ್ಚಿದರೆ ವಿಂಡೋಸ್‌ನಲ್ಲಿ ಮೊದಲಿನಂತೆಯೇ ಸಿಗುತ್ತದೆ. ಇನ್ನು ಮುಂದಿನ ವರದಿಗಳನ್ನಾದರೂ ಯೂನಿಕೋಡ್‌ನಲ್ಲಿ ಮಾಡಿ. ಉಬುಂಟುವಿನಲ್ಲೂ ಕಗಪ ಕೀಲಿಮಣೆ ಇದೆ. ನುಡಿಯಲ್ಲಿ ಕುಳಿತ ಬೆರಳಿಗೆ ಅದು ಹೊಸತೆನಿಸದು.

ಉಬುಂಟು ಬಳಸಿ ವಿಂಡೋಸ್‌ಗೆ ಬಂದಾಗ ಗಡಿಯಾರ ಐದೂವರೆ ತಾಸು ಹಿಂದೆ ಇರಬಹುದು. ಯಂತ್ರದೊಳಗಿನ ಗಡಿಯಾರವನ್ನು ಉಬುಂಟು ವಿಶ್ವಮಾನ ಸಮಯಕ್ಕೆ ಇಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯವೆಂದು ಓದುತ್ತದೆ. ಇದನ್ನು ಸರಿಮಾಡಲು ಒಂದೇ ಕಮಾಂಡ್ ಸಾಕು. ಬಿಲ್ಲಿನ ತಾರೀಖು ತಪ್ಪುವ ಮೊದಲು ಮಗನಿಗೆ ಹೇಳಿ ಮಾಡಿಸಿ. ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಚಾಲೂ ಇದ್ದರೆ ಅದರ 48 ಅಂಕಿಗಳ ಕೀಯನ್ನು ಕಾಗದದ ಮೇಲೆ ಬರೆದು ಬೀರುವಿನಲ್ಲಿಡಿ. ಬೂಟ್ ವ್ಯವಸ್ಥೆ ಬದಲಾದಾಗ ವಿಂಡೋಸ್ ಅದನ್ನು ಕೇಳುವುದುಂಟು.

ಮಗನಿಗೂ ಒಂದು ಮಾತು. 2024ರ ಆಗಸ್ಟ್‌ನಲ್ಲಿ ವಿಂಡೋಸ್‌ನ ಒಂದು ಅಪ್‌ಡೇಟ್‌ನಿಂದ ಎರಡೂ ಸಿಸ್ಟಮ್ ಇದ್ದ ಹಲವು ಕಂಪ್ಯೂಟರ್‌ಗಳಲ್ಲಿ ಉಬುಂಟುವಿನಂಥ ಲಿನಕ್ಸ್ ತೆರೆಯದೇ ಹೋಯಿತು. ಅಂಥದ್ದು ಬಂದಾಗ ಕುಳಿತು ಸರಿಪಡಿಸಬೇಕಾದವನು ನೀನೇ, ಅವ್ವ ಅಲ್ಲ. ಮೊದಲು ಪೆನ್‌ಡ್ರೈವ್‌ನಿಂದಲೇ ಉಬುಂಟು ನಡೆಸಿ ನೋಡು. ಇನ್‌ಸ್ಟಾಲ್ ಒತ್ತದಿದ್ದರೆ ಡಿಸ್ಕಿನಲ್ಲಿ ಏನೂ ಬದಲಾಗದು, ವೈಫೈ, ಪ್ರಿಂಟರ್ ನಡೆಯುತ್ತವೋ ಇಲ್ಲವೋ ತಿಳಿಯುತ್ತದೆ. ಲ್ಯಾಬಿನ ಸಣ್ಣ ಪ್ರೋಗ್ರಾಮ್‌ಗಳಿಗಷ್ಟೇ ಬೇಕಿದ್ದರೆ ವಿಂಡೋಸ್ ಒಳಗೇ ಲಿನಕ್ಸ್ ನಡೆಸುವ ಡಬ್ಲ್ಯುಎಸ್‌ಎಲ್ ಹಾಕಿಕೊಂಡರೂ ಆದೀತು. ಆದರೆ ಆಪರೇಟಿಂಗ್ ಸಿಸ್ಟಮ್ ವಿಷಯ ಓದುವ ಹುಡುಗ ಒಂದನ್ನು ತನ್ನ ಕೈಯಾರೆ ಕಟ್ಟಿ ನಿಲ್ಲಿಸಬೇಕೆಂದು ಬಯಸುವುದು ಒಳ್ಳೆಯ ಆಸೆ. ತಾಯಿಯಾಗಿ ನೀವು ಅದನ್ನು ಹಟವೆಂದು ತಳ್ಳಿಹಾಕಬೇಡಿ.

ನಿಮ್ಮದು ವಿಂಡೋಸ್ 10 ಆಗಿದ್ದರೆ, ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆಗ ಬ್ಯಾಂಕಿನ ವ್ಯವಹಾರವನ್ನು ಉಬುಂಟುವಿನಲ್ಲಿ ಮಾಡುವುದೇ ಕ್ಷೇಮ. ಮಗನ ಡಿಸ್ಕ್ ನಿಮಗೂ ಉಪಯೋಗಕ್ಕೆ ಬಂದಂತಾಯಿತು.

ಲಗ್ನಸರಾಯಿಯಲ್ಲಿ ಮಾತ್ರ ಈ ಕೆಲಸ ಬೇಡ. ಆಷಾಢದಲ್ಲಿ ಪತ್ರಿಕೆ ಕೆಲಸ ಕಡಿಮೆ, ಆಗ ಇಟ್ಟುಕೊಳ್ಳಿ. ಬೆಳಗಾವಿಯ ಮಳೆಗಾಲವಾದ್ದರಿಂದ ಯುಪಿಎಸ್ ಇಲ್ಲದೆ ಕೂರಬೇಡಿ. ಅದಕ್ಕೂ ಮೊದಲು ಎಲ್ಲಾ ಫೈಲ್‌ಗಳನ್ನು ಎಕ್ಸ್‌ಟರ್ನಲ್ ಡಿಸ್ಕಿಗೆ ನಕಲು ಮಾಡುವ ಹೊಣೆ ಮಗನದೇ ಇರಲಿ. ಅದರಿಂದ ಹಳೆಯ ಪತ್ರಿಕೆ ಒಂದೆರಡನ್ನು ನಿಮ್ಮೆದುರು ತೆರೆದು ತೋರಿಸಲಿ. ತೋರಿಸಿದ ಮೇಲೆಯೇ ಸ್ಕ್ರೂಡ್ರೈವರ್ ಅವನ ಕೈಗೆ ಕೊಡಿ.