ಎಡಗಾಲಿನ ಲೆಕ್ಕ

ಜನವರಿ 3ರಿಂದ ಫೆಬ್ರವರಿ 14ರವರೆಗಿನ ನನ್ನ ಎಡ ಸೊಂಟದ ನೋವನ್ನು ದಿನಕ್ಕೆ 2,110 ರೂಪಾಯಿಯಂತೆ ಮಾರಿಕೊಂಡಿದ್ದೇನೆ. ಕೊಂಡದ್ದು ಮನುಷ್ಯರಲ್ಲ, ನನ್ನದೇ ಆರೋಗ್ಯ ವಿಮೆಯ ನವೀಕರಣದ ತಾರೀಖು. ಇಪ್ಪತ್ತೇಳು ವರ್ಷ ಹುಬ್ಬಳ್ಳಿಯ ದುರ್ಗದ ಬೈಲಿನ ಮಗ್ಗುಲಲ್ಲಿ ಕೂತು ಮಂದಿಯ ತೆರಿಗೆ ಲೆಕ್ಕ ಬರೆದವನಿಗೆ ಇಂಥ ವ್ಯಾಪಾರ ಹೊಳೆದದ್ದು ದೊಡ್ಡದೇನಲ್ಲ. ಅದು ಲಾಭದ್ದೋ ಲುಕ್ಸಾನಿನದ್ದೋ ಎನ್ನುವುದು ಮಾತ್ರ ಇನ್ನೂ ತಾಳೆಯಾಗುತ್ತಿಲ್ಲ.

ಮೊದಲು ಕಾಲಿನ ಕಥೆ. 2021ರ ಕೋವಿಡ್ ಎರಡನೇ ಅಲೆಯಲ್ಲಿ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದೆ. ಸ್ಟೆರಾಯ್ಡ್ ಕೊಟ್ಟರು, ಬದುಕಿದೆ. ಆ ಔಷಧದ ಮೇಲೆ ನನ್ನದೇನೂ ದೂರಿಲ್ಲ. ಎರಡು ವರ್ಷ ಕಳೆದ ಮೇಲೆ ತೊಡೆಸಂದಿನಲ್ಲಿ ಚುಳ್ಳೆನ್ನತೊಡಗಿತು. ವಾಯು ಎಂದರು, ನರ ಎಂದರು, ನವಲಗುಂದದಿಂದ ಎಣ್ಣೆ ತರಿಸಿಕೊಟ್ಟರು. ಕೊನೆಗೆ ಎಂಆರ್‌ಐ ಮಾಡಿಸಿದಾಗ ಎವಿಎನ್ ಎಂದು ಬಂತು. ತೊಡೆಮೂಳೆಯ ಗುಂಡುತಲೆಗೆ ರಕ್ತ ಹೋಗುವುದು ಕಡಿಮೆಯಾಗಿ, ಅಲ್ಲಿನ ಮೂಳೆ ಸತ್ತು, ಮೈಭಾರಕ್ಕೆ ಕುಸಿಯುವ ಕಾಯಿಲೆ ಇದು. ಸ್ಟೆರಾಯ್ಡ್ ಮತ್ತು ಅತಿಯಾದ ಕುಡಿತ ಇದರ ಮುಖ್ಯ ಕಾರಣಗಳಲ್ಲಿ ಸೇರಿವೆ. (ವರದಿ ಕೊಟ್ಟ ಹುಡುಗ ನನ್ನನ್ನು ನೋಡಿದ ರೀತಿಗೆ, ಅವನು ಕೇಳದಿದ್ದರೂ 'ನಾ ಕುಡಿಯೂದಿಲ್ಲಪಾ' ಅಂದುಬಿಟ್ಟೆ.) ಬಹಳ ಮಂದಿಗೆ ಇದು ಎರಡೂ ಕಡೆ ಬರುತ್ತದೆ. ನನಗೂ ಹಾಗೇ ಆಯಿತು. ಬಲಗಡೆ ಪೂರ್ತಿ ಕುಸಿದಿತ್ತು, ಎಡಗಡೆ ಕುಸಿಯುವ ಹಾದಿಯಲ್ಲಿತ್ತು.

2025ರಲ್ಲಿ ಐಟಿ ರಿಟರ್ನ್ಸ್ ಗಡುವು ಜಗ್ಗಿ ಜಗ್ಗಿ ಸೆಪ್ಟೆಂಬರ್ 16ಕ್ಕೆ ಮುಗಿಯಿತು. ಅಲ್ಲಿಯವರೆಗೆ ಕೋಲೂರಿ ದಿನ ತಳ್ಳಿ, ನವೆಂಬರ್ 6ರಂದು ಬಲ ಸೊಂಟದ ಕೀಲು ಬದಲಿಸಿಕೊಂಡೆ. ಮರುದಿನ ಬೆಳಿಗ್ಗೆಯೇ ವಾಕರ್ ಹಿಡಿಸಿ ನಿಲ್ಲಿಸಿದರು. ಎರಡು ವರ್ಷಕ್ಕೂ ಮೀರಿದ ಆ ಹಳೆಯ ನೋವು ಎಲ್ಲಿ ಎಂದು ಹುಡುಕಿದೆ, ಸಿಗಲಿಲ್ಲ. ಹೊಲಿಗೆಯ ನೋವು ಇತ್ತು, ಅದು ಬೇರೆ ಜಾತಿಯದು. ಶಸ್ತ್ರಚಿಕಿತ್ಸೆಯ ಬಗ್ಗೆ ನನ್ನ ತಕರಾರು ಒಂದೂ ಇಲ್ಲ. ತಕರಾರು ಇರುವುದೆಲ್ಲ ಬಿಲ್ಲಿನ ಬಗ್ಗೆ, ಅದರಲ್ಲೂ ಅರ್ಧ ನನ್ನದೇ ತಪ್ಪು.

ನಮ್ಮದು 2016ರಲ್ಲಿ ಮಾಡಿಸಿದ 5 ಲಕ್ಷದ ಕುಟುಂಬ ಪಾಲಿಸಿ. ಕೋಣೆ ಬಾಡಿಗೆಗೆ ದಿನಕ್ಕೆ ವಿಮಾ ಮೊತ್ತದ ಶೇ 1ರಷ್ಟು, ಅಂದರೆ 5,000 ರೂಪಾಯಿ ಮಿತಿ. ಇದೇ ಅಂಕಣದಲ್ಲಿ ಈ ಮಿತಿಯ ಬಗ್ಗೆ ಎರಡು ಸಲ ಬರೆದಿದ್ದೇನೆ. ಆದರೆ ದಾಖಲಾಗುವ ದಿನ ಕೌಂಟರಿನಲ್ಲಿ 'ಕಿಟಕಿ ಇರೂ ರೂಮ್ ಐತ್ರಿ, 7,500' ಎಂದಾಗ ನನ್ನ ಹೆಂಡತಿ ಕಿಟಕಿಯ ಕಡೆ ನೋಡಿದಳು, ನಾನು ಅವಳ ಮುಖ ನೋಡಿದೆ. ನಾಲ್ಕು ದಿನಕ್ಕೆ ಹತ್ತು ಸಾವಿರ ಹೆಚ್ಚಾದೀತು, ಆಗಲಿ ಎಂದೆ.

ಹತ್ತು ಸಾವಿರಕ್ಕೆ ಅದು ಮುಗಿಯುವುದಿಲ್ಲ. ಒಟ್ಟು ಬಿಲ್ಲು 3,46,000 ಬಂತು. ಕೃತಕ ಕೀಲಿಗೆ 1,38,000, ಶಸ್ತ್ರಚಿಕಿತ್ಸಕರು, ಅರಿವಳಿಕೆ, ಆಪರೇಷನ್ ಥಿಯೇಟರ್, ನರ್ಸಿಂಗ್ ಎಲ್ಲ ಸೇರಿ 1,20,000, ಔಷಧ ಮತ್ತು ಬಳಸಿ ಬಿಸಾಡುವ ಸಾಮಾನಿಗೆ 46,000, ಕೋಣೆಗೆ 30,000, ತಪಾಸಣೆಗೆ 12,000. ನನ್ನ ಅರ್ಹತೆ 5,000, ನಾನು ಹಿಡಿದ ಕೋಣೆ 7,500. ಅಂದರೆ ಮೂರರಲ್ಲಿ ಎರಡು ಪಾಲು. ಈ ಎರಡು ಪಾಲಿನ ಸೂತ್ರವನ್ನು ಕೋಣೆಗಷ್ಟೇ ಅಲ್ಲ, ವೈದ್ಯರ ಶುಲ್ಕ, ಥಿಯೇಟರ್ ಬಾಡಿಗೆ ಎಲ್ಲದಕ್ಕೂ ಹಚ್ಚುತ್ತಾರೆ. ಆ 1,20,000ದಲ್ಲಿ 40,000 ಅಲ್ಲೇ ಕರಗಿತು. ಕೋಣೆಯದು 10,000, ಗ್ಲೌಸು, ಮಾಸ್ಕು, ಡೈಪರಿನಂಥ 'ಕೊಡಲಾಗದ' ಪಟ್ಟಿಯಲ್ಲಿ 7,400. ಕಿಟಕಿಯಿಂದ ಕಾಣುತ್ತಿದ್ದದ್ದು ಪಕ್ಕದ ಕಟ್ಟಡದ ನೀರಿನ ಟ್ಯಾಂಕು.

ವಿಮಾ ಕಂಪನಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಕೀಲಿನ ಬೆಲೆಯಲ್ಲೂ ಮೂರರಲ್ಲೊಂದು ಪಾಲು, 46,000, ಕತ್ತರಿಸಿತ್ತು. ಇದು ತಪ್ಪು. ಔಷಧ, ಬಳಸಿ ಬಿಸಾಡುವ ವಸ್ತು, ಇಂಪ್ಲಾಂಟ್ ಮತ್ತು ತಪಾಸಣೆಗಳಿಗೆ ಈ ಅನುಪಾತದ ಕಡಿತ ಅನ್ವಯಿಸಬಾರದು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2020ರಲ್ಲೇ ಹೇಳಿದೆ. ಕೋಣೆ ದೊಡ್ಡದಾದರೆ ಕೀಲೇನೂ ದುಬಾರಿಯಾಗುವುದಿಲ್ಲವಲ್ಲ! ಆದರೆ ಡಿಸ್ಚಾರ್ಜಿನ ದಿನ ವಾಕರ್ ಹಿಡಿದು ನಿಂತವನಿಗೆ ವಾದಿಸುವ ತ್ರಾಣ ಎಲ್ಲಿಂದ ಬರಬೇಕು? ಅಂತಿಮ ಒಪ್ಪಿಗೆ ಮೂರು ತಾಸಿನೊಳಗೆ ಬರಬೇಕು, ತಡವಾದರೆ ಆಸ್ಪತ್ರೆ ಹಾಕುವ ಹೆಚ್ಚುವರಿ ಖರ್ಚು ವಿಮಾ ಕಂಪನಿಯದೇ ಎಂಬ ನಿಯಮ 2024ರಿಂದ ಇದೆ. ನಮಗೆ ಬೆಳಿಗ್ಗೆ ಹತ್ತರಿಂದ ಸಂಜೆ ಐದಾಯಿತು. 1,03,400 ಕಟ್ಟಿ ಮನೆಗೆ ಬಂದೆ. ಆ ರೊಕ್ಕ ತುರ್ತುನಿಧಿಯದಲ್ಲ, ಮಾರ್ಚ್ 15ರ ಮುಂಗಡ ತೆರಿಗೆಗೆ ತೆಗೆದಿಟ್ಟದ್ದು. ತುರ್ತುನಿಧಿಯ ಎಫ್‌ಡಿ ಮುರಿಯಲು ಬ್ಯಾಂಕಿಗೆ ಹೋಗಬೇಕಿತ್ತು, ಹೋಗುವ ಕಾಲು ಹಾಸಿಗೆಯಲ್ಲಿತ್ತು. ಮೂರನೇ ವಾರ ಮಲಗಿದಲ್ಲಿಂದಲೇ ಕಂಪನಿಯ ದೂರು ವಿಭಾಗಕ್ಕೆ ನಿಯಮವನ್ನು ಉಲ್ಲೇಖಿಸಿ ಪತ್ರ ಬರೆದೆ. 46,000 ವಾಪಸ್ ಬಂತು. ಕ್ಷಮೆ ಬರಲಿಲ್ಲ, ನಾನೂ ನಿರೀಕ್ಷಿಸಿರಲಿಲ್ಲ.

ಆಸ್ಪತ್ರೆಯ ಬಿಲ್ಲಿನಲ್ಲಿ ಕಾಣದ ಖರ್ಚು ಬೇರೆ. ಹೊಸ ಕೀಲು ಜಾರದಂತೆ ಮೊದಲ ವಾರಗಳಲ್ಲಿ ಸೊಂಟವನ್ನು ತೊಂಬತ್ತು ಡಿಗ್ರಿಗಿಂತ ಬಗ್ಗಿಸುವಂತಿಲ್ಲ, ಕಾಲ ಮೇಲೆ ಕಾಲು ಹಾಕುವಂತಿಲ್ಲ, ನೆಲದ ಮೇಲೆ ಕೂರುವಂತಿಲ್ಲ. ನಮ್ಮದು ಹಿತ್ತಲಲ್ಲಿ ಕುಕ್ಕರುಗಾಲಿನ ಸಂಡಾಸು ಇರುವ ಹಳೆಯ ಮನೆ. ಕಮೋಡ್ ಕೂರಿಸಲು 18,500 ಆಯಿತು. ಮಂಚ ತಗ್ಗಾಯಿತೆಂದು ಬಡಿಗನಿಂದ ಅದರ ಕಾಲುಗಳ ಕೆಳಗೆ ಗಟ್ಟಿಮರದ ತುಂಡು ಕೊಡಿಸಲು 600, ವಾಕರಿಗೆ 1,400, ಕಮೋಡ್ ಕುರ್ಚಿಗೆ 2,200, ರಾತ್ರಿ ನೋಡಿಕೊಳ್ಳುವ ಹುಡುಗನಿಗೆ ಹದಿನೈದು ದಿನಕ್ಕೆ 10,500. ಮನೆಗೆ ಬಂದು ವ್ಯಾಯಾಮ ಮಾಡಿಸಿದ ಫಿಸಿಯೊಥೆರಪಿಸ್ಟ್‌ಗೆ 24 ಸಲಕ್ಕೆ 12,000. ಆಫೀಸಿಗೆ ಎರಡು ತಿಂಗಳು ಇಟ್ಟುಕೊಂಡ ಸಹಾಯಕನಿಗೆ 36,000. ಕೂಡಿದರೆ 81,200. ಇದರಲ್ಲಿ ಫಿಸಿಯೊಥೆರಪಿ ಖರ್ಚನ್ನು ನಮ್ಮ ಪಾಲಿಸಿ ಡಿಸ್ಚಾರ್ಜ್ ಆದ 60 ದಿನದವರೆಗೆ ಕೊಡುತ್ತಿತ್ತು, ವೈದ್ಯರ ಚೀಟಿ ಮತ್ತು ರಸೀದಿ ಇದ್ದಿದ್ದರೆ. ನಾನು ಪ್ರತಿ ಸಲ ಫೋನಿನಲ್ಲೇ ರೊಕ್ಕ ಹಾಕಿ ಚಹಾ ಕುಡಿಸಿ ಕಳಿಸಿದೆ. ಊರವರ ಹತ್ತು ರೂಪಾಯಿ ರಸೀದಿಗೂ ಪೀಡಿಸುವ ನಾನು!

ವಾಕರ್, ಕುರ್ಚಿ, ಕಮೋಡ್ ಬಂಡವಾಳ ವೆಚ್ಚ. ಎರಡು ಸೊಂಟಕ್ಕೆ ಹಂಚಿದರೆ ಒಂದಕ್ಕೆ ಅರ್ಧ. ಹೀಗೆಲ್ಲ ಹಾಸಿಗೆಯಲ್ಲಿ ಲೆಕ್ಕ ಹಾಕುತ್ತಿದ್ದಾಗಲೇ ಡಿಸೆಂಬರ್ ಕೊನೆಗೆ ಡಾಕ್ಟರು ಹೇಳಿದ್ದು: 'ಬಲಗಾಲು ಚೆನ್ನಾಗಿ ಕೂತಿದೆ, ಜನವರಿ 3ಕ್ಕೆ ಎಡಗಡೆ ಮಾಡಬಹುದು.' ಸಕ್ಕರೆ ಹತೋಟಿಯಲ್ಲಿತ್ತು, ಹಿಮೋಗ್ಲೋಬಿನ್ ಏರಿತ್ತು.

ನಾನು ಪಾಲಿಸಿ ತೆಗೆದೆ. ಕಂಪನಿ ಕೊಟ್ಟದ್ದು ಒಟ್ಟು 2,88,600. ಉಳಿದಿರುವುದು 2,11,400. ಈ ಸಲ ಇಬ್ಬರ ಕೋಣೆ ಹಿಡಿದರೂ ಕಂಪನಿ ಒಪ್ಪಬಹುದಾದ ಬಿಲ್ಲು 3 ಲಕ್ಷ. ಕಡಿಮೆ ಬೀಳುವುದು 88,600. ವರ್ಷದೊಳಗೆ ಮೊತ್ತ ಮುಗಿದರೆ ಮತ್ತೆ ತುಂಬಿಕೊಡುವ ಸೌಲಭ್ಯ ನಮ್ಮ ಪಾಲಿಸಿಯಲ್ಲಿದೆ, ಆದರೆ 'ಅದೇ ಕಾಯಿಲೆಗೆ ಇಲ್ಲ' ಎಂಬ ಬಾಲವೂ ಇದೆ. ಎಡ ಸೊಂಟದ ಎವಿಎನ್ ಮತ್ತು ಬಲ ಸೊಂಟದ ಎವಿಎನ್ ಒಂದೇ ಕಾಯಿಲೆಯೋ ಎರಡೋ? ಸಹಾಯವಾಣಿಗೆ ಮೂರು ಸಲ ಫೋನ್ ಮಾಡಿದೆ. ಒಬ್ಬಾಕೆ ಎರಡು ಎಂದಳು, ಒಬ್ಬ ಒಂದೇ ಎಂದ, ಮೂರನೆಯವನು 'ಕ್ಲೇಮ್ ಹಾಕಿದ ಮೇಲೆ ತಿಳಿಯುತ್ತದೆ ಸರ್' ಎಂದ. ಬರಹದಲ್ಲಿ ಕೇಳಿದೆ, ಉತ್ತರವಿಲ್ಲ. ಕ್ಲೇಮ್ ಮಾಡದ ವರ್ಷಗಳ ಬೋನಸ್ಸಾದರೂ ಇರಬೇಕಿತ್ತಲ್ಲ ಎಂದರೆ, ಅದರ ಬದಲು ಪ್ರೀಮಿಯಮ್ಮಿನಲ್ಲಿ ರಿಯಾಯಿತಿ ತೆಗೆದುಕೊಂಡ ಜಾಣ ನಾನೇ.

ಪಾಲಿಸಿಯ ಹೊಸ ವರ್ಷ ಶುರುವಾಗುವುದು ಫೆಬ್ರವರಿ 14ಕ್ಕೆ. ಅಂದು ಮತ್ತೆ ಪೂರ್ತಿ 5 ಲಕ್ಷ. ಹಿಂದಿನ ಕ್ಲೇಮಿನ ಕಾರಣಕ್ಕೆ ನವೀಕರಣ ನಿರಾಕರಿಸುವಂತಿಲ್ಲ, ನನ್ನೊಬ್ಬನ ಪ್ರೀಮಿಯಂ ಏರಿಸುವಂತೆಯೂ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲದ್ದರಿಂದ, ಕಳೆದ ವರ್ಷ ತೆರಿಗೆ ಸೇರಿ 31,860 ಕಟ್ಟಿದವನು ಈ ಸಲ ಮೂಲದರ ಏರಿದರೂ 29,400 ಕಟ್ಟುತ್ತೇನೆ. ಇದೇ ಹೊತ್ತಿಗೆ ಪಾಲಿಸಿಯನ್ನು 10 ಲಕ್ಷಕ್ಕೆ ಏರಿಸಿಬಿಡಿ ಎಂದು ಏಜೆಂಟ್ ಹುರಿದುಂಬಿಸಿದ. ಏರಿಸುವುದು ಒಳ್ಳೆಯದೇ, ಆದರೆ ಏರಿಸಿದ ಭಾಗಕ್ಕೆ ಕಾಯುವ ಅವಧಿ ಹೊಸದಾಗಿ ಶುರುವಾಗುತ್ತದೆ. ಮೊದಲೇ ಇದ್ದ ಕಾಯಿಲೆಗೆ ಅದು ಮೂರು ವರ್ಷದವರೆಗೂ ಇರಬಹುದು. ನನ್ನ ಎಡಗಾಲಿಗೆ ಅದರಿಂದ ಕವಡೆಯೂ ಸಿಗದು.

ಹಾಗಾಗಿ ಕಾಯೋಣ ಎಂದೆ. ಡಾಕ್ಟರು ನಕ್ಕರು. 'ಕಾದರೆ ಕಾಲೇನೂ ಹೋಗುವುದಿಲ್ಲ, ನಿದ್ದೆ ಹೋಗುತ್ತೆ.' ಹೆಂಡತಿ ನಗಲಿಲ್ಲ. 'ರೊಕ್ಕ ಉಳಸಾಕ ನೋವು ತಿನ್ನೂದು ಯಾವ ಶಾಸ್ತ್ರದಾಗ ಐತ್ರಿ?' ಎಂದಳು. 88,600 ಭಾಗಿಸು 42 ದಿನ ಎಂದು ಬರೆದು ತೋರಿಸಿದೆ. ದಿನಕ್ಕೆ 2,110. ಅವಳು ಚೀಟಿ ಮಡಚಿ ಸಾಸಿವೆ ಡಬ್ಬಿಯ ಕೆಳಗಿಟ್ಟಳು.

ಹತ್ತನೇ ದಿನಕ್ಕೇ ಆ ಭಾಗಾಕಾರ ಅಲುಗಾಡತೊಡಗಿತು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಕೆಟ್ಟ ಕಾಲು ಮೊದಲು ಎಂದು ಫಿಸಿಯೊಥೆರಪಿಯ ಹುಡುಗಿ ಕಲಿಸಿದ್ದಳು. ನವೆಂಬರಿನಲ್ಲಿ ಎಡಗಾಲು ಒಳ್ಳೆಯದಾಗಿತ್ತು, ಜನವರಿಯಲ್ಲಿ ಅದೇ ಕೆಟ್ಟದ್ದು. ಆಫೀಸಿಗೆ ಹತ್ತೊಂಬತ್ತು ಮೆಟ್ಟಿಲು. ನೋವಿನ ಮಾತ್ರೆಯನ್ನು ಬೇಕೆಂದಷ್ಟು ನುಂಗುವಂತಿಲ್ಲ, ಮೂತ್ರಪಿಂಡಕ್ಕೆ ಕೇಡು. ರಾತ್ರಿ ಮಗ್ಗುಲಾಗಲು ಬಲಕ್ಕೆ ಹೊಸ ಕೀಲಿನ ಭಯ, ಎಡಕ್ಕೆ ಹಳೆಯ ಕೀಲಿನ ಕಾಟ. ಅಂಗಾತ ಮಲಗಿ ತೊಲೆ ಎಣಿಸುತ್ತೇನೆ. ನಮ್ಮ ಮಾಳಿಗೆಗೆ ಹನ್ನೊಂದು ತೊಲೆ.

ಸಹಾಯಕನನ್ನು ಇನ್ನೂ ಆರು ವಾರ ಇಟ್ಟುಕೊಳ್ಳಬೇಕಾಯಿತು: 27,000. ಆಟೊ ಖರ್ಚು 4,160. ಮಾತ್ರೆ, ಮುಲಾಮು 2,900. ಉಳಿತಾಯ 54,540ಕ್ಕೆ ಇಳಿಯಿತು, ದಿನಕ್ಕೆ ಸುಮಾರು 1,300. ಆಮೇಲೆ ಜನವರಿಯ ಜಿಎಸ್‌ಟಿ ಕೆಲಸದಲ್ಲಿ ನಾನು ಕೈಗೆ ಸಿಗುತ್ತಿಲ್ಲವೆಂದು ಇಬ್ಬರು ಅಂಗಡಿಯವರು ಬೇರೆ ಕಡೆ ಹೋದರು. ಅವರಿಬ್ಬರಿಂದ ವರ್ಷಕ್ಕೆ ಬರುತ್ತಿದ್ದ ಶುಲ್ಕ 24,000. ಈಗ ದಿನಕ್ಕೆ 727. ನಮ್ಮ ಓಣಿಗೆ ಬರುವ ಗೌಂಡಿಯೂ ಇದಕ್ಕಿಂತ ಹೆಚ್ಚು ಕೂಲಿ ತೆಗೆದುಕೊಳ್ಳುತ್ತಾನೆ.

ಆದರೂ ತಾರೀಖು ಹಿಂದೆ ತಂದಿಲ್ಲ. ಹಟ ಎನ್ನಿ. ಫೆಬ್ರವರಿ 15 ಭಾನುವಾರ ಶಿವರಾತ್ರಿ, 16ರ ಸೋಮವಾರ ಶಸ್ತ್ರಚಿಕಿತ್ಸೆ. ಊರಿಡೀ ಸಿದ್ಧಾರೂಢ ಮಠದ ಜಾತ್ರೆಯ ಗದ್ದಲದಲ್ಲಿ ನಾನು ಥಿಯೇಟರಿನಲ್ಲಿರುತ್ತೇನೆ. ಪ್ರೀಮಿಯಂ ಹತ್ತು ದಿನ ಮುಂಚೆಯೇ ಕಟ್ಟುತ್ತೇನೆ. ಹುಳುಕು ಹಲ್ಲಿನ ಸೋಂಕು ಹೊಸ ಕೀಲಿಗೆ ಹಬ್ಬಬಾರದೆಂದು ಹಲ್ಲು ತೋರಿಸಿಕೊಂಡಾಯಿತು. ಕೋಣೆ 4,500ರದ್ದು, ಕಿಟಕಿ ಇಲ್ಲ. ಫಿಸಿಯೊಥೆರಪಿಯ ಹುಡುಗಿ ರಸೀದಿ ಪುಸ್ತಕ ಮಾಡಿಸಿಕೊಂಡಿದ್ದಾಳೆ. ಮೊದಲ ಸಲ ಆಸ್ಪತ್ರೆಯಿಂದ ಬರುವಾಗ ಮರೆತಿದ್ದ, ಕೀಲು ಯಾವುದೆಂದು ಹೇಳುವ ಇಂಪ್ಲಾಂಟ್ ಸ್ಟಿಕರನ್ನೂ ಅಲ್ಲಿನ ಕಡತದಿಂದ ಬಿಡಿಸಿಕೊಂಡು ಬಂದೆ. ಡಿಪ್ಯೂ ಕಂಪನಿ 2010ರಲ್ಲಿ ತನ್ನ ಲೋಹದ ಸೊಂಟದ ಕೀಲುಗಳನ್ನು ಜಗತ್ತಿನಾದ್ಯಂತ ವಾಪಸ್ ಕರೆದಾಗ, ತಮ್ಮೊಳಗಿರುವುದು ಯಾವುದೆಂದು ಹೇಳಲು ರೋಗಿಗಳ ಕೈಯಲ್ಲಿ ಇರಬೇಕಾಗಿದ್ದದ್ದು ಇಂಥದೇ ಚೀಟಿ. ಇನ್ನೊಂದು ಮಾತು: ಮೊಣಕಾಲಿನ ಕೀಲಿಗೆ 2017ರ ಆಗಸ್ಟಿನಲ್ಲಿ ಕೇಂದ್ರ ದರಮಿತಿ ಹಾಕಿತಲ್ಲ, ಅದು ಸೊಂಟಕ್ಕಲ್ಲ. ಸೆರಾಮಿಕ್ ಬೇಕೋ ಲೋಹ-ಪ್ಲಾಸ್ಟಿಕ್ ಸಾಕೋ, ಬೆಲೆ ಎಷ್ಟೆಂದು ಮೊದಲೇ ಬರೆಸಿಕೊಳ್ಳಬೇಕು.

ವಿಮೆಯೇ ಇಲ್ಲದವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಬಗ್ಗೆ ವಿಚಾರಿಸಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30. ವಿಮೆ ಇರುವವರಿಗೊಂದು ಮಾತು: ಪ್ರೀಮಿಯಮ್ಮಿಗೆ ತೆರಿಗೆ ರಿಯಾಯಿತಿ ಸಿಗುವುದು ಹಳೆಯ ತೆರಿಗೆ ಪದ್ಧತಿಯಲ್ಲಿ ಉಳಿದವರಿಗೆ ಮಾತ್ರ.

ಮೊನ್ನೆ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಹತ್ತೊಂಬತ್ತು ಮೆಟ್ಟಿಲು ಹತ್ತಿ ಬಂದರು. ಅವರ ಹೆಂಡತಿಗೂ ಎರಡೂ ಸೊಂಟ, ಒಂದು ಆಗಿದೆ, ಪಾಲಿಸಿ ನವೀಕರಣಕ್ಕೆ ಎರಡು ತಿಂಗಳಿದೆ. 'ಕಾಯೂದೋ ಮಾಡಿಸಿಬಿಡೂದೋ ಹೇಳ್ರಿ ಸಾಹೇಬ್ರ.' ಅವರ ಕಾಗದ ನೋಡಿದೆ. ಕಡಿಮೆ ಬೀಳುವುದು ಹೆಚ್ಚುಕಡಿಮೆ ನನ್ನಷ್ಟೇ. ಮಾಡಿಸಿಬಿಡಿ, ಎಫ್‌ಡಿ ಮುರೀರಿ ಎಂದೆ.

ಅವರು ನನ್ನ ಮೇಜಿಗೆ ಆನಿಸಿಟ್ಟ ಕೋಲಿನ ಕಡೆ ನೋಡಿದರು. 'ಮತ್ತ ನೀವ್ಯಾಕ ಕುಂತೀರಿ?'

ಅವರ ಫೈಲು ಕಪಾಟಿನ ಮೇಲಿನ ಸಾಲಿನಲ್ಲಿತ್ತು. ತರಲು ಎದ್ದೆ, ಬಲಗಾಲು ಮೊದಲು.